ಊಟಕ್ಕೆ ಹೆದರಿ ಮಂಡಕ್ಕಿಗೆ ಶರಣಾದವರಿಗೆ

ಊಟಕ್ಕೆ ಹೆದರುವವರು ಸೊರಗಬೇಕಲ್ಲವೇ? ನಾನು ಹೆದರಿಕೊಂಡೇ ಹನ್ನೆರಡು ಕೆ.ಜಿ. ಏರಿದೆ. ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನನಗೆ ಈ ಲೆಕ್ಕ ತಾಳೆಯಾಗಲು ಎರಡು ವರ್ಷ ಹಿಡಿಯಿತು. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಈಗ ತುತ್ತಿಗೂ ತಕ್ಕಡಿಗೂ ಒಟ್ಟಿಗೆ ಹೆದರುತ್ತಿರುವವರಿಗೆ ಇದು ಉಪಯೋಗಕ್ಕೆ ಬರಬಹುದು.

2019ರಲ್ಲಿ ನನಗೆ ಸ್ಲೀವ್ ಆಯಿತು. ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ತೆಗೆದು, ಉಳಿದದ್ದನ್ನು ಬಾಳೆಹಣ್ಣಿನಂಥ ಸಪೂರ ಕೊಳವೆ ಮಾಡುವ ಶಸ್ತ್ರಚಿಕಿತ್ಸೆ ಅದು. 112 ಇದ್ದ ತೂಕ ಹದಿನಾರು ತಿಂಗಳಲ್ಲಿ 74ಕ್ಕೆ ಬಂತು. ಆಮೇಲೊಂದು ದಿನ ನೆಂಟರ ಮದುವೆಯಲ್ಲಿ, ಮಾತಿನ ಭರದಲ್ಲಿ, ಚಪಾತಿಯ ತುಂಡೊಂದನ್ನು ಸರಿಯಾಗಿ ಅಗಿಯದೆ ನುಂಗಿಬಿಟ್ಟೆ. ಅದು ಎದೆಯ ನಡುವೆ ಗೂಟ ಬಡಿದಂತೆ ನಿಂತಿತು. ಬಾಯಿ ತುಂಬ ನೊರೆನೊರೆಯಾದ ಜೊಲ್ಲು, ಉಗಿದಷ್ಟೂ ಬರುತ್ತಿತ್ತು. ಛತ್ರದ ಹಿಂದೆ ಕೈತೊಳೆಯುವ ನಲ್ಲಿಯ ಬಳಿ, ರೇಷ್ಮೆ ಸೀರೆಯ ನೆರಿಗೆ ಹಿಡಿದುಕೊಂಡು ಮುಕ್ಕಾಲು ಗಂಟೆ ಬಗ್ಗಿ ನಿಂತಿದ್ದೆ. ಒಳಗೆ ಹೋಳಿಗೆ ಬಡಿಸುತ್ತಿದ್ದರು.

ಆ ದಿನದಿಂದ ತಟ್ಟೆ ಖಾಲಿಯಾಗುತ್ತ ಬಂತು. ಮೊದಲು ಚಪಾತಿ ಹೋಯಿತು, ಆಮೇಲೆ ರೊಟ್ಟಿ, ಅನ್ನ, ಕಾಳಿನ ಪಲ್ಯ. ಹಸಿವು ಮಾತ್ರ ಹೋಗಲಿಲ್ಲ. ಸ್ಟಾಫ್ ರೂಮಿನಲ್ಲಿ ಸಂಜೆ ನಾಲ್ಕಕ್ಕೆ ಬರುವ ಖಾರ ಮಂಡಕ್ಕಿಯ ಪೊಟ್ಟಣ ನನ್ನ ಪಾಲಿಗೆ ದೇವರಾಯಿತು. ಮಂಡಕ್ಕಿ ಬಾಯಲ್ಲೇ ಮೆತ್ತಗಾಗಿ ಸದ್ದಿಲ್ಲದೆ ಇಳಿಯುತ್ತದೆ, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಹೊಟ್ಟೆಯಲ್ಲೂ ನಿಲ್ಲುವುದಿಲ್ಲ, ಅರ್ಧ ಗಂಟೆಗೆ ಮತ್ತೊಂದು ಹಿಡಿ ಬೇಕು. ಚಹಾದಲ್ಲಿ ಅದ್ದಿದ ಬಿಸ್ಕತ್ತು, ಬನ್ನು, ಐಸ್‌ಕ್ರೀಮು ಎಲ್ಲವೂ ಇದೇ ಜಾತಿ. ನಾನು ಇವನ್ನು ಜಾರು ತಿಂಡಿ ಎನ್ನುತ್ತೇನೆ. ‘ಊಟವನ್ನೇ ಮಾಡುವುದಿಲ್ಲ, ಆದರೂ ದಪ್ಪವಾಗುತ್ತಿದ್ದೇನೆ’ ಎಂದು ನಾನು ಹೇಳುತ್ತಿದ್ದುದು ಅಕ್ಷರಶಃ ನಿಜವಾಗಿತ್ತು. ತಕ್ಕಡಿ 86 ಎಂದಿತು. ತಕ್ಕಡಿ ಏರಿದಷ್ಟೂ ಊಟದ ಭಯ ಹೆಚ್ಚಿತು, ಭಯ ಹೆಚ್ಚಿದಷ್ಟೂ ಮಂಡಕ್ಕಿ. ಆದ್ದರಿಂದ ನನ್ನ ಮೊದಲ ಸಲಹೆ ವಿಚಿತ್ರವೆನಿಸಬಹುದು: ತೂಕ ಏರಿದೆಯೆಂದು ಊಟ ಬಿಡಬೇಡಿ, ಬಿಟ್ಟ ಊಟವನ್ನು ಮರಳಿ ಕಲಿಯಿರಿ.

ಅದಕ್ಕೂ ಮುನ್ನ ವೈದ್ಯರ ಬಳಿ ಹೋಗಿ. ಇದನ್ನು ಹೇಳುವುದು ಸುಲಭ. ನಾಚಿಕೆಯಿಂದ ನಾನೇ ಎರಡು ವರ್ಷ ಹೋಗಲಿಲ್ಲ. ಅಷ್ಟು ದುಡ್ಡು ಸುರಿದು ಮತ್ತೆ ಊದಿಕೊಂಡಳು ಎನ್ನುವ ಮಾತನ್ನು ಬೀಗರಿಂದ ಕೇಳಿದ್ದು ಸಾಲದೆ ಅಲ್ಲಿಯೂ ಕೇಳಬೇಕೇ ಎಂಬ ಅಳುಕು. ಆದರೆ ಆಹಾರ ಸಿಕ್ಕಿಕೊಳ್ಳುವುದು ಬರೀ ಅವಸರದಿಂದಲೋ, ಕೊಳವೆ ಎಲ್ಲಾದರೂ ಕಿರಿದಾಗಿದೆಯೋ, ಹುಳಿತೇಗಿನಿಂದ ಅನ್ನನಾಳ ಕೆಂಪಾಗಿದೆಯೋ, ಹುಣ್ಣಾಗಿದೆಯೋ ಎಂಬುದು ಎಂಡೋಸ್ಕೋಪಿ ಮಾಡದೆ ತಿಳಿಯದು. ನನ್ನದು ಸರಿಯಾಗಿತ್ತು, ಭಯ ಅರ್ಧ ಇಳಿದದ್ದು ಆ ವರದಿ ಕೈಗೆ ಬಂದಾಗ. ರಕ್ತದಲ್ಲಿ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ವಿಟಮಿನ್ ಡಿ, ಥೈರಾಯ್ಡ್ ನೋಡಲು ಕೇಳಿ. ತೂಕ ಏರಿಸುವ ಮದ್ದುಗಳೂ ಇವೆ: ಸ್ಟಿರಾಯ್ಡ್, ಇನ್ಸುಲಿನ್, ಮನೋರೋಗದ ಕೆಲವು ಔಷಧಗಳು. ಅವುಗಳ ಪಟ್ಟಿ ಒಯ್ಯಿರಿ, ನೀವಾಗಿಯೇ ನಿಲ್ಲಿಸಬೇಡಿ. 2025ರಲ್ಲಿ ನಮ್ಮ ದೇಶಕ್ಕೆ ಬಂದ ಮೌಂಜಾರೋ, ವೆಗೋವಿಯಂಥ ವಾರದ ಚುಚ್ಚುಮದ್ದುಗಳನ್ನು ಮರಳಿ ಏರಿದ ತೂಕಕ್ಕೆ ಕೆಲವರಿಗೆ ಕೊಡುತ್ತಾರೆ. ಆದರೆ ಅವು ಹಸಿವನ್ನು ಕೊಲ್ಲುವ ಔಷಧಗಳು. ಮೊದಲೇ ಊಟಕ್ಕೆ ಹೆದರುವವರು ಆ ಭಯವನ್ನು ವೈದ್ಯರಿಗೆ ಬಿಡಿಸಿ ಹೇಳದೆ ಆ ಚುಚ್ಚುಮದ್ದು ಕೇಳಬಾರದು.

ಆಹಾರ ತಜ್ಞೆ ನನ್ನ ಕೈಗಿತ್ತ ಅಚ್ಚು ಹಾಕಿದ ಚೀಟಿಯಲ್ಲಿ ಮೊಟ್ಟೆ, ಮೀನು, ಕೋಳಿ ಇದ್ದವು. ನಮ್ಮ ಮನೆಯಲ್ಲಿ ಮೊಟ್ಟೆಯೂ ಬರುವುದಿಲ್ಲ ಎಂದರೆ ‘ಹಾಗಾದರೆ ಬೇಳೆ ತಿನ್ನಿ’ ಎಂದರು. ಬೇಳೆಯೊಂದರಿಂದಲೇ ದಿನಕ್ಕೆ 60 ಗ್ರಾಂ ಪ್ರೋಟೀನ್ ಹೊಂದಿಸಬೇಕಾದರೆ ಕಾಲು ಕೆ.ಜಿ. ಬೇಳೆ ಬೇಯಿಸಬೇಕು, ಆ ಹೊಟ್ಟೆಯನ್ನೇ ತಾನೇ ಕತ್ತರಿಸಿ ಹಾಕಿದ್ದು! ಕೊನೆಗೆ ನಾನೇ ಲೆಕ್ಕ ಹಾಕಿದೆ. ಪನೀರ್ ನೂರು ಗ್ರಾಂ, ಎರಡು ಹೊತ್ತಿಗೆ ಹಂಚಿ: 18. ಒಣ ಸೋಯಾ ತುಂಡು ಮೂವತ್ತು ಗ್ರಾಂ, ನೆನೆಸಿ ಹಿಂಡಿ ಪುಡಿ ಮಾಡಿ: 15. ಹೆಸರುಬೇಳೆ ಮೂವತ್ತು ಗ್ರಾಂ: 7. ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟ ಗಟ್ಟಿ ಮೊಸರು ಒಂದು ಬಟ್ಟಲು: ಸುಮಾರು 8. ಒಂದು ಲೋಟ ಹಾಲು: 6. ಶೇಂಗಾ ಪುಡಿ ಇಪ್ಪತ್ತು ಗ್ರಾಂ: 5. ಒಟ್ಟು 59, ಉಳಿದದ್ದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ತಟ್ಟೆಯಲ್ಲಿ ಮೊದಲು ಇವು, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ ಅಥವಾ ಮುದ್ದೆ.

ಇನ್ನು ಭಯದ ಮಾತು. ನೂರು ಪುಟದ ನೋಟುಪುಸ್ತಕದಲ್ಲಿ ಮೂರು ಕಲಂ ಎಳೆದೆ: ಏನು ತಿಂದೆ, ಎಷ್ಟು ನಿಮಿಷ ಹಿಡಿಯಿತು, ತಿನ್ನುವ ಮುಂಚೆ ಎದೆಯಲ್ಲಿ ಏನಾಗುತ್ತಿತ್ತು. ಮೂರನೆಯ ಕಲಂ ಮುಖ್ಯ. ನಿಜವಾಗಿ ಸಿಕ್ಕಿಕೊಳ್ಳುವುದು ನುಂಗಿದ ಮೇಲೆ ಬರುತ್ತದೆ. ಭಯವಾದರೆ ತಟ್ಟೆ ಎದುರಿಗೆ ಬರುತ್ತಲೇ ಗಂಟಲು ಬಿಗಿಯುತ್ತದೆ. ಹತ್ತು ದಿನ ಬರೆದಾಗ ನನ್ನ ಹತ್ತರಲ್ಲಿ ಒಂಬತ್ತು ಸಲ ಗಂಟಲು ಬಿಗಿದದ್ದು ತುತ್ತು ಎತ್ತುವ ಮೊದಲೇ ಎಂದು ತಿಳಿಯಿತು. ಅಂದರೆ ಚಪಾತಿಯ ತಪ್ಪಲ್ಲ.

ಬಳಿಕ ಹೆದರುವ ಪದಾರ್ಥಗಳನ್ನು ಏಣಿಯ ಹಾಗೆ ಬರೆದುಕೊಳ್ಳಿ. ನನ್ನ ಏಣಿಯ ಬುಡದಲ್ಲಿ ಗಟ್ಟಿ ಮೊಸರು, ಅದರ ಮೇಲೆ ತೊವ್ವೆ, ಸಾಂಬಾರಿನಲ್ಲಿ ನೆನೆದ ಅರ್ಧ ಇಡ್ಲಿ, ಪುಡಿ ಮಾಡಿದ ಪನೀರ್, ಬೆಂದ ಹೆಸರುಕಾಳು, ಮೆತ್ತಗೆ ಕಲಸಿದ ಅನ್ನ, ಮುದ್ದೆ, ಜೋಳದ ರೊಟ್ಟಿ, ಚಪಾತಿ. ತುದಿಯಲ್ಲಿ ಬೆಣ್ಣೆ ದೋಸೆ. ಈ ಊರಿನಲ್ಲಿದ್ದು ಅದನ್ನು ಬಿಟ್ಟರೆ ಹೇಗೆ. ಒಂದು ಮೆಟ್ಟಿಲಿನಲ್ಲಿ ಮೂರು ಸಲ ಗಾಬರಿಯಿಲ್ಲದೆ ಉಂಡರೆ ಮಾತ್ರ ಮುಂದಿನದಕ್ಕೆ. ಹೊಸ ಮೆಟ್ಟಿಲನ್ನು ಭಾನುವಾರ ಮಧ್ಯಾಹ್ನ, ಮನೆಯಲ್ಲೇ ಹತ್ತಬೇಕು. ಶಾಲೆಯ ಗಂಟೆ ಹೊಡೆಯುವ ಮುನ್ನ ಹತ್ತು ನಿಮಿಷದಲ್ಲಿ ಅಲ್ಲ.

ಉಣ್ಣುವ ಕ್ರಮ ಹೀಗೆ. ಉಪ್ಪಿನಕಾಯಿ ಭರಣಿಯ ಪುಟ್ಟ ಚಮಚ ತೆಗೆದುಕೊಳ್ಳಿ. ತುತ್ತು ಬಾಯಿಗಿಟ್ಟು ಚಮಚವನ್ನು ಕೆಳಗಿಡಿ. ಕೈಯಲ್ಲಿದ್ದರೆ ಅದು ತಾನಾಗಿಯೇ ಮುಂದಿನ ತುತ್ತು ತುಂಬಿಕೊಳ್ಳುತ್ತದೆ. ಇಪ್ಪತ್ತೈದು ಸಲ ಅಗಿಯಿರಿ. ನಾನು ಐದರ ಮಗ್ಗಿಯಲ್ಲಿ ಎಣಿಸುತ್ತೇನೆ, ಎದುರು ಕೂತ ಮಗ ನಗುತ್ತಾನೆ. ಊಟದ ಜೊತೆ ನೀರು ಬೇಡ, ಮುಗಿಸಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಊಟ ಇಪ್ಪತ್ತು ನಿಮಿಷದಿಂದ ಅರ್ಧ ಗಂಟೆ, ಅದಕ್ಕಿಂತ ಎಳೆದರೆ ಅದು ಊಟವಲ್ಲ, ಮೆಲುಕು. ಸಾಕು ಎನ್ನುವ ಸೂಚನೆ ಒಬ್ಬೊಬ್ಬರಿಗೆ ಒಂದೊಂದು ಬಗೆ. ಕೆಲವರಿಗೆ ಬಿಕ್ಕಳಿಕೆ, ನನಗೆ ಮೂಗಿನಲ್ಲಿ ನೀರು. ಮೂಗು ಒರೆಸಿಕೊಂಡರೆ ಎಲೆ ಮಡಚಬೇಕು, ಅಷ್ಟೇ. ಒಂದು ತುತ್ತು ಮೀರಿದರೂ ಛತ್ರದ ನಲ್ಲಿ ನೆನಪಾಗುತ್ತದೆ.

ಮತ್ತೆ ಸಿಕ್ಕಿಕೊಂಡರೆ? ಸಿಕ್ಕಿಕೊಳ್ಳಬಹುದು. ತಿನ್ನುವುದನ್ನು ನಿಲ್ಲಿಸಿ, ಎದ್ದು ನಿಧಾನ ಓಡಾಡಿ, ಮೇಲಿನಿಂದ ನೀರು ಸುರಿಯಬೇಡಿ. ನನಗೆ ಆಮೇಲೆ ಎರಡು ಸಲ ಆಯಿತು, ಎರಡೂ ಸಲ ಅರ್ಧ ಗಂಟೆಯೊಳಗೆ ಇಳಿಯಿತು. ಎರಡನೆಯ ಸಲ ನಾನು ಅಳಲಿಲ್ಲ. ಆದರೆ ಗಂಟೆಗಟ್ಟಲೆ ಜೊಲ್ಲು ಕೂಡ ಇಳಿಯದಿದ್ದರೆ, ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ತಡೆಯಲಾರದ ಹೊಟ್ಟೆನೋವು ಅಥವಾ ಕಪ್ಪು ಮಲ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ದಿನಗಟ್ಟಲೆ ವಾಂತಿಯಾಗುತ್ತಿದ್ದು, ಕಣ್ಣಿಗೆ ಎರಡೆರಡು ಕಾಣಿಸಿದರೆ, ನಡೆಯುವಾಗ ಜೋಲಿ ಹೊಡೆದರೆ, ಮಾತು ಗೊಂದಲವಾದರೆ ಅದು ಥಯಮಿನ್ (ವಿಟಮಿನ್ ಬಿ1) ಕೊರತೆಯಾಗಿರಬಹುದು. ಮಿದುಳಿಗೆ ಶಾಶ್ವತ ಪೆಟ್ಟಾಗುತ್ತದೆ, ಬೆಳಗಾಗಲಿ ಎಂದು ಕಾಯಬಾರದು. ಸ್ಲೀವ್ ಬದಲು ಜಠರದ ಬೈಪಾಸ್ (ಪುಟ್ಟ ಜಠರವನ್ನು ನೇರ ಸಣ್ಣ ಕರುಳಿಗೆ ಜೋಡಿಸುವ ಶಸ್ತ್ರಚಿಕಿತ್ಸೆ) ಆದವರಿಗೆ ಸಿಹಿ ತಿಂದ ಸ್ವಲ್ಪ ಹೊತ್ತಿಗೆ ಎದೆ ಡವಗುಟ್ಟಿ ಬೆವರುವ ಡಂಪಿಂಗ್ ಬೇರೆ ಇರಬಹುದು. ಅದು ಭಯದ ಕಲ್ಪನೆಯಲ್ಲ, ಅದನ್ನು ಏಣಿ ಹತ್ತಿ ಗೆಲ್ಲಲಾಗದು. ಸಿಹಿ ಬಿಡುವುದೇ ದಾರಿ.

ಅಗಿದು ಉಗಿಯುವುದು, ಬೆರಳು ಹಾಕಿ ವಾಂತಿ ಮಾಡುವುದು, ದಿನಕ್ಕೆ ಆರು ಸಲ ತಕ್ಕಡಿ ಹತ್ತುವುದು ಶುರುವಾಗಿದ್ದರೆ ಈ ಬರಹದಿಂದ ಆಗುವಂಥದ್ದಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಮೊದಲ ಕರೆಯಲ್ಲಿ ನಾನು ಐದು ನಿಮಿಷ ‘ಏನಿಲ್ಲ, ಸುಮ್ಮನೆ’ ಎಂದೇ ಕಳೆದೆ. ಆ ಕಡೆಯವರು ಕಾದರು.

ತಕ್ಕಡಿ ಈಗ ಅಟ್ಟದ ಮೇಲಿದೆ, ಸೋಮವಾರ ಬೆಳಿಗ್ಗೆ ಮಾತ್ರ ಕೆಳಗಿಳಿಯುತ್ತದೆ. ಎಲ್ಲರೂ ತಮ್ಮ ಅತಿ ಕಡಿಮೆ ತೂಕದೊಡನೆ ಹೋಲಿಸಿಕೊಂಡು ಕೊರಗುತ್ತಾರೆ. ಆ ತಳದಿಂದ ಕೆಲವು ಕೆ.ಜಿ. ಮೇಲೇರುವುದು ಬಹುಪಾಲು ಜನರಲ್ಲಿ ಆಗುವಂಥದ್ದೇ. ದೇಹ ಕಳೆದುಕೊಂಡದ್ದನ್ನು ಹುಡುಕಿಕೊಂಡು ಬರುತ್ತದೆ. 74ರಿಂದ ಎಣಿಸಿದರೆ ನಾನು ಹನ್ನೆರಡು ಸೋತಿದ್ದೆ. 112ರಿಂದ ಎಣಿಸಿದರೆ ಇಪ್ಪತ್ತಾರು ಗೆದ್ದಿದ್ದೆ. ಇಪ್ಪತ್ತೈದು ಕೆ.ಜಿ.ವರೆಗಿನ ಚೀಲಕ್ಕೆ 2022ರಲ್ಲಿ ತೆರಿಗೆ ಬಂದ ಮೇಲೆ ನಮ್ಮ ಅಂಗಡಿಯವನು ಅಕ್ಕಿಯನ್ನು ಇಪ್ಪತ್ತಾರರ ಚೀಲದಲ್ಲೇ ಕೊಡುತ್ತಾನೆ. ಒಂದು ದಿನ ಅದನ್ನು ಹೊತ್ತುಕೊಂಡು ಎರಡು ಮೆಟ್ಟಿಲು ಹತ್ತಿ ನೋಡಿದೆ, ಕೆಳಗಿಟ್ಟೆ.

ಮಂಡಕ್ಕಿ ನಿಂತು, ಊಟ ಮರಳಿ ಹತ್ತು ತಿಂಗಳಾಯಿತು. ಈ ಸೋಮವಾರ 81. ಏಣಿಯಲ್ಲಿ ಚಪಾತಿಯ ಮೆಟ್ಟಿಲಿನಲ್ಲಿದ್ದೇನೆ, ಅರ್ಧ ಚಪಾತಿ, ಸಾರಿನಲ್ಲಿ ಅದ್ದಿ. ಮುಂದಿನ ತಿಂಗಳು ಇನ್ನೊಂದು ಮದುವೆಯಿದೆ. ಕೊನೆಯ ಪಂಕ್ತಿಯಲ್ಲಿ ಅಂಚಿಗೆ ಕೂರುತ್ತೇನೆ, ಅಲ್ಲಿ ಅವಸರ ಮಾಡುವವರಿರುವುದಿಲ್ಲ, ಪಕ್ಕದಲ್ಲಿ ಮಗನಿರುತ್ತಾನೆ. ಹೋಳಿಗೆ ಬಂದರೆ ಅವನ ಎಲೆಗೆ.