ಸಿಂಗಳೀಕದ ಊಟ ಬರೆಯಲು ಹೋಗಿ ಉಪ್ಪಾಗೆ ಎಣಿಸಿದ್ದು

ಉತ್ತರ ಕನ್ನಡದ ಸಿದ್ದಾಪುರದ ಘಟ್ಟದಂಚಿನಲ್ಲಿ ಸಿಂಗಳೀಕ ಎಂಬ ಮಂಗಗಳ ಒಂದು ಗುಂಪಿನ ಹಿಂದೆ ಎರಡು ಮಳೆಗಾಲ ಅಲೆದಿದ್ದೇನೆ. ಕೆಲಸ ಕೇಳಲು ಸುಲಭ. ಹದಿನೈದು ನಿಮಿಷಕ್ಕೊಮ್ಮೆ ಕಣ್ಣಿಗೆ ಬಿದ್ದ ಪ್ರತಿಯೊಂದೂ ಏನು ಮಾಡುತ್ತಿದೆ, ಯಾವ ಮರ, ತಿನ್ನುತ್ತಿರುವುದು ಕಾಯಿಯೋ ಹಣ್ಣೋ ಹುಳವೋ ಅಂತ ಬರೆಯಬೇಕು. ಆದರೆ ಇವು ನೆಲಕ್ಕೆ ಇಳಿಯುವುದೇ ಅಪರೂಪ. ಜುಲೈ ಮಳೆಯಲ್ಲಿ ಕತ್ತೆತ್ತಿ ನಿಂತರೆ ದುರ್ಬೀನಿಗೆ ಮಂಜು, ಕಾಲಿಗೆ ಉಂಬಳ. ಮೊದಲ ವಾರವೇ ಪೆನ್ನು ಬಿಟ್ಟು ಪೆನ್ಸಿಲ್ ಹಿಡಿದೆ. ಕೆನ್ನೆಚೀಲದ ಮೋಸ ಬೇರೆ! ಹಲಸಿನ ಮರದಲ್ಲಿ ತುಂಬಿಕೊಂಡದ್ದನ್ನು ಮತ್ತೊಂದು ಮರದಲ್ಲಿ ಕೂತು ಜಗಿಯುತ್ತವೆ. ಎಷ್ಟೋ ದಿನ ನಾನು ಆ ಎರಡನೇ ಮರದ ಹೆಸರನ್ನೇ ಬರೆದೆ.

ದೊಡ್ಡ ತಪ್ಪು ಅದಲ್ಲ. ಮೊದಲ ವರ್ಷ ನನ್ನ ಹಾಳೆಗಳಲ್ಲಿ ಉಪ್ಪಾಗೆ ಎಂಬ ಕಾಡಿನ ಹುಳಿ ಹಣ್ಣು ತೀರಾ ಕಡಿಮೆ ಇತ್ತು. ಇವಕ್ಕೆ ಅದು ಅಷ್ಟಾಗಿ ಸೇರುವುದಿಲ್ಲ ಅಂದುಕೊಂಡೆ. ಒಂದು ಬೆಳಿಗ್ಗೆ ಗುಂಪು ಬಂದ ಉಪ್ಪಾಗೆ ಮರದ ಕೆಳಗೆ ನೋಡಿದರೆ ಕಡಿದ ಟೊಂಗೆಗಳು, ಹಸಿರು ಎಲೆ. ಹಿಂದಿನ ದಿನವೇ ಕೊಯ್ಲು ಮುಗಿದಿತ್ತು. ಗುಂಪು ಸುಮ್ನೆ ಮುಂದೆ ಹೋಯಿತು. ಮರದಲ್ಲಿ ಏನಿದೆ ಅಂತ ಬರೆಯದೆ, ಏನು ತಿಂದವು ಅಂತ ಮಾತ್ರ ಬರೆದರೆ ಆಗುವುದು ಇದೇ ಅಲ್ವಾ?

ಆಮೇಲೆ ಮೂವತ್ತು ಉಪ್ಪಾಗೆ ಮರಗಳಿಗೆ ನಂಬರ್ ಹಾಕಿದೆ. ವಾರಕ್ಕೊಮ್ಮೆ ಕಾಯಿ ಎಷ್ಟು, ಕೊಯ್ದದ್ದು ಯಾರು, ಟೊಂಗೆ ಕಡಿದಿದ್ದಾರಾ ಅಂತ ಬರೆಯತೊಡಗಿದೆ. ಕೊಯ್ಯುವವರ ಮನೆಗೂ ಹೋದೆ. ಉಪ್ಪಾಗೆ ಸಿಪ್ಪೆ ಮೀನಿನ ಸಾರಿಗೆ ಹುಳಿ. ತೂಕ ಇಳಿಸುವ ಮಾತ್ರೆಗಾಗಿ ಹೊರದೇಶಕ್ಕೂ ಹೋಗುತ್ತದೆ. ಹಣ್ಣಾಗುವುದು ಮಳೆಯಲ್ಲಿ, ಬಿಸಿಲು ಸಿಗುವುದಿಲ್ಲ. ಹಾಗಾಗಿ ಒಲೆಯ ಮೇಲೆ ಒಣಗಿಸಬೇಕು. ಆ ಕಟ್ಟಿಗೆಯೂ ಅದೇ ಕಾಡಿನದು. ಈ ಲೆಕ್ಕ ನನ್ನ ಮೊದಲ ಯೋಜನೆಯಲ್ಲಿ ಇರಲೇ ಇಲ್ಲ.

ಕಾಯಿ ಹಣ್ಣಾಗುವ ತನಕ ಯಾಕೆ ಕಾಯುವುದಿಲ್ಲ ಅಂತ ಒಬ್ಬ ಅಜ್ಜನನ್ನು ಕೇಳಿದೆ.

“ನಾ ಬಿಟ್ರೆ ನಾಳೆ ಮತ್ತೊಬ್ಬ ಕೊಯ್ತಾನೆ ತಮಾ. ಮಂಗಕ್ಕೆ ಉಳೀತದೆ ಅಂದ್ಕಂಡ್ಯಾ?”

ಉತ್ತರ ಇರಲಿಲ್ಲ. 2011ರಲ್ಲಿ ಇಲ್ಲಿನ ಸುಮಾರು 300 ಚದರ ಕಿ.ಮೀ. ಕಾಡು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಆಯಿತು. ಜನರನ್ನು ಹೊರಗಿಡದ ಮೀಸಲು ಅದಾಗಿತ್ತು, ನನಗೂ ಅದೇ ಸರಿ ಅನಿಸುತ್ತದೆ. 2019ರಲ್ಲಿ ಅದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿತು. ಎರಡನೇ ಮಳೆಗಾಲದಲ್ಲಿ ಅಜ್ಜ ತನ್ನ ಬೆಟ್ಟದ ನಾಲ್ಕು ಮರ ತೋರಿಸಿ, ಇವನ್ನು ಹಣ್ಣಾಗಲು ಬಿಡುತ್ತೇನೆ, ನೀನು ಎಣಿಸು ಅಂದ. ಮೂರು ಮರ ಉಳಿದವು. ನಾಲ್ಕನೆಯದನ್ನು ರಾತ್ರೋರಾತ್ರಿ ಯಾರೋ ಕೊಯ್ದಿದ್ದರು.