ಮುಚ್ಚಳ ತೆಗೆದಾಗಲೆಲ್ಲ ಎರಡು ದಿನ ಸರಿಯಾಗುತ್ತಿದ್ದ ಕಂಪ್ಯೂಟರ್

ನಾನು ದಾವಣಗೆರೆಯಲ್ಲಿ ಮನೆಯಲ್ಲೇ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಸಿದ್ಧಪಡಿಸುವ ಕೆಲಸ ಮಾಡುತ್ತೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ. ಯುಗಾದಿ ಕಳೆಯುತ್ತಿದ್ದಂತೆ ಮದುವೆ ಕೆಲಸ ಜಾಸ್ತಿ. ಯುಗಾದಿಗೆ ಇನ್ನೂ ಒಂದೂವರೆ ತಿಂಗಳು ಇರುವಾಗಲೇ ನನ್ನ ಡೆಸ್ಕ್‌ಟಾಪ್ ಹ್ಯಾಂಗ್ ಆಗಲು ಶುರುವಾಯಿತು.

ಕಾರ್ಡು ವಿನ್ಯಾಸ ಮಾಡುವ ಕೋರೆಲ್‌ಡ್ರಾ ಸಾಫ್ಟ್‌ವೇರಿನಲ್ಲಿ ವಧುವಿನ ಹೆಸರು ತಿದ್ದುತ್ತಿದ್ದರೆ ಪರದೆ ಹಾಗೇ ನಿಂತುಬಿಡುತ್ತಿತ್ತು. ಮೌಸ್‌ನ ಬಾಣ ಓಡಾಡುತ್ತಿತ್ತು, ಕ್ಲಿಕ್ ಮಾಡಿದರೆ ಏನೂ ಆಗುತ್ತಿರಲಿಲ್ಲ. ಕೆಲವು ಸಲ ಅರ್ಧ ನಿಮಿಷದಲ್ಲಿ ತಾನಾಗಿಯೇ ಸರಿಹೋಗುತ್ತಿತ್ತು. ಕೆಲವು ಸಲ ಪವರ್ ಬಟನ್ ಒತ್ತಿ ಹಿಡಿದು ಆರಿಸಲೇಬೇಕಿತ್ತು.

ರಿಪೇರಿಗೆ ಕೈ ಹಾಕುವ ಮೊದಲು ಒಂದು ಕೆಲಸ ಮಾಡಿದೆ. ಗಿರಾಕಿಗಳ ಫೈಲು, ಮಕ್ಕಳ ಫೋಟೋ ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಿಕೊಂಡೆ. ನಡುನಡುವೆ ನಿಂತು ನಿಂತು ಎರಡು ಸಂಜೆ ಹಿಡಿಯಿತು. ನಿಮ್ಮ ಕಂಪ್ಯೂಟರ್ ಹೀಗೆ ಮಾಡುತ್ತಿದ್ದರೆ ದಯವಿಟ್ಟು ಇದನ್ನೇ ಮೊದಲು ಮಾಡಿ. ಫಾರ್ಮ್ಯಾಟು, ಕ್ಲೀನಿಂಗು ಎಲ್ಲ ಆಮೇಲೆ.

ನನ್ನ ಮೊದಲ ಅನುಮಾನ ಬಿಸಿಯ ಮೇಲೆ ಹೋಯಿತು. ನಮ್ಮ ಮನೆ ರಸ್ತೆಗೆ ಅಂಟಿಕೊಂಡೇ ಇದೆ, ಧೂಳು ವಿಪರೀತ. ವೈರ್ ಎಲ್ಲ ಕಿತ್ತು, ಸಿಪಿಯು ಡಬ್ಬದ ಪಕ್ಕದ ಮುಚ್ಚಳ ತೆಗೆದು, ಪೇಂಟ್ ಬ್ರಷ್‌ನಿಂದ ಫ್ಯಾನಿನ ರೆಕ್ಕೆಗಳನ್ನೂ ಕೆಳಗೆ ಬಿಸಿ ಹೀರುವ ಲೋಹದ ಹೀಟ್ ಸಿಂಕನ್ನೂ ಒರೆಸಿದೆ. ಫ್ಯಾನು ತಿರುಗದಂತೆ ಬೆರಳಿನಿಂದ ಹಿಡಿದುಕೊಂಡೇ ಒರೆಸಬೇಕು. ಎರಡು ದಿನ ಕಂಪ್ಯೂಟರ್ ಚೆನ್ನಾಗಿ ಓಡಿತು. ಮೂರನೇ ದಿನ ಬೆಳಿಗ್ಗೆ ಮತ್ತೆ ಹ್ಯಾಂಗ್.

ನಾದಿನಿಯ ಮಗ ಎಂಜಿನಿಯರಿಂಗ್ ಓದುತ್ತಾನೆ. ಅವನು ಫೋನಿನಲ್ಲಿ, "ಅತ್ತೆ, ಹ್ಯಾಂಗ್ ಆದಾಗ ನಮ್ ಲಾಕ್ ಒತ್ತಿ. ಕೀಬೋರ್ಡಿನ ಲೈಟು ಆರಿ ಹತ್ತುತ್ತಾ ನೋಡಿ" ಎಂದ. ನೋಡಿದೆ, ಹತ್ತುತ್ತಿತ್ತು. ಲೈಟೂ ಬದಲಾಗದೆ, ಮೌಸೂ ಅಲುಗಾಡದೆ ಎಲ್ಲ ಕಲ್ಲಿನಂತೆ ನಿಂತರೆ ರ‍್ಯಾಮ್ (ತಾತ್ಕಾಲಿಕ ಮೆಮೊರಿ), ಎಸ್‌ಎಮ್‌ಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬ), ಗ್ರಾಫಿಕ್ಸ್ (ಪರದೆಗೆ ಚಿತ್ರ ಕಳಿಸುವ ಭಾಗ) ಕಡೆ ಮೊದಲು ನೋಡಬೇಕಂತೆ. ಲೈಟು ಬದಲಾಗುತ್ತಿದ್ದರೆ ಒಳಗೆ ಜೀವ ಇದೆ, ಯಾವುದಕ್ಕೋ ಕಾಯುತ್ತಾ ಕೂತಿದೆ ಎಂದರ್ಥ. ಹಾಗಂತ ರ‍್ಯಾಮ್ ನೋಡದೆ ಬಿಡಲೂ ನನಗೆ ಮನಸ್ಸಾಗಲಿಲ್ಲ. 4 ಜಿಬಿಯ ಎರಡು ಪಟ್ಟಿಗಳನ್ನು ತೆಗೆದು, ತುದಿಯ ಚಿನ್ನದ ಬಣ್ಣದ ಗೆರೆಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದೆ. ಪೆನ್ ಡ್ರೈವ್‌ನಿಂದ ಮೆಮ್‌ಟೆಸ್ಟ್ ಎಂಬ ಮೆಮೊರಿ ಪರೀಕ್ಷೆಯ ಸಾಫ್ಟ್‌ವೇರ್ ಹಾಕಿ ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ನೋಡಿದರೆ ಒಂದೂ ಎರರ್ ಇಲ್ಲ. ಈ ಸಲ ಮೂರು ದಿನ ಸರಿಯಿತ್ತು. ರ‍್ಯಾಮ್ ಸರಿಯಾಗಿ ಕೂತಿರಲಿಲ್ಲ, ಅಷ್ಟೇ ಅಂದುಕೊಂಡು ನಿರಾಳವಾದೆ. ನಾಲ್ಕನೇ ದಿನ ಮತ್ತೆ ಅದೇ ಕತೆ.

ಅಂಗಡಿಗೆ ಕೊಟ್ಟೆ. ವಿಂಡೋಸ್ ಹೊಸದಾಗಿ ಹಾಕಿದರು. ಅಲ್ಲಿ ಒಂದು ದಿನ ಪೂರ್ತಿ ಓಡಿಸಿದರೂ ಒಮ್ಮೆಯೂ ಹ್ಯಾಂಗ್ ಆಗಲಿಲ್ಲವಂತೆ. ಮನೆಗೆ ತಂದ ಎರಡನೇ ದಿನ ಸಂಜೆ ನಿಂತಿತು. ಎರಡನೇ ಸಲ ಹೋದಾಗ, ಮದರ್‌ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮುಖ್ಯ ಹಲಗೆ) ಹೋಗಿದೆ, 2017ರ ಮಷೀನು, ಹೊಸದೇ ತೆಗೆದುಕೊಳ್ಳಿ ಎಂದರು. ಅಷ್ಟು ದುಡ್ಡು ಆಗ ಕೈಯಲ್ಲಿ ಇರಲಿಲ್ಲ. ಇದ್ದಿದ್ದರೆ ಬಹುಶಃ ಕೊಂಡೇಬಿಡುತ್ತಿದ್ದೆ.

ಆ ರಾತ್ರಿ ಒಂದು ನೋಟ್‌ಬುಕ್ ಹಿಡಿದು ಕೂತೆ. ಯಾವ ದಿನ ಏನು ಮಾಡಿದೆ, ಯಾವ ದಿನ ಹ್ಯಾಂಗ್ ಆಯಿತು ಎಂದು ನೆನಪಿದ್ದಷ್ಟೂ ಬರೆದೆ. ಧೂಳು ಒರೆಸಿದೆ, ಎರಡು ದಿನ ಸರಿ. ರ‍್ಯಾಮ್ ಉಜ್ಜಿದೆ, ಮೂರು ದಿನ ಸರಿ. ಅಂಗಡಿಗೆ ಹೋಗಿಬಂತು, ಎರಡು ದಿನ ಸರಿ. ಹಬ್ಬಕ್ಕೆ ಮನೆ ತೊಳೆಯಲು ಟೇಬಲ್ ಸರಿಸಿ, ಸಿಪಿಯು ಎತ್ತಿ ಪಕ್ಕಕ್ಕಿಟ್ಟು ಮತ್ತೆ ಜೋಡಿಸಿದ್ದೆ. ಅದಾದ ಮೇಲೂ ಎರಡು ದಿನ ಸರಿ! ಆವತ್ತು ನಾನು ರಿಪೇರಿ ಅಂತ ಏನೂ ಮಾಡಿರಲಿಲ್ಲ. ಹಾಗಾದರೆ ಸರಿಹೋಗುತ್ತಿದ್ದದ್ದು ಧೂಳು ಒರೆಸಿದ್ದರಿಂದಲೂ ಅಲ್ಲ, ರ‍್ಯಾಮ್ ಉಜ್ಜಿದ್ದರಿಂದಲೂ ಅಲ್ಲ. ಡಬ್ಬ ಅಲುಗಾಡಿದ್ದರಿಂದ. ಒಳಗೆ ಯಾವುದೋ ಸಡಿಲವಾಗಿದೆ ಎಂದು ಆಗ ಹೊಳೆಯಿತು.

ಯಾವುದು ಎಂದು ಹುಡುಕಲು ಎರಡು ಕೆಲಸ ಮಾಡಿದೆ. ಮೊದಲು ನಾದಿನಿಯ ಮಗ ಕೊಟ್ಟ ಉಬುಂಟು (ವಿಂಡೋಸ್ ಬದಲು ಬಳಸುವ ಇನ್ನೊಂದು ವ್ಯವಸ್ಥೆ) ಪೆನ್ ಡ್ರೈವ್‌ನಿಂದ ಕಂಪ್ಯೂಟರ್ ಶುರುಮಾಡಿ, ಹಾರ್ಡ್ ಡಿಸ್ಕ್ ಮುಟ್ಟದೆ ಎರಡು ದಿನ ಸಂಜೆಯಿಂದ ರಾತ್ರಿವರೆಗೆ ಬಳಸಿದೆ. ಒಮ್ಮೆಯೂ ನಿಲ್ಲಲಿಲ್ಲ. ಅನುಮಾನ ಹಾರ್ಡ್ ಡಿಸ್ಕ್ ಕಡೆ ತಿರುಗಿತು. ಆಮೇಲೆ ವಿಂಡೋಸ್‌ಗೆ ಬಂದು, ಕೆಲಸ ಮಾಡುವಾಗ ಯಾವ ಭಾಗ ಎಷ್ಟು ಕೆಲಸದಲ್ಲಿದೆ ಎಂದು ತೋರಿಸುವ ಟಾಸ್ಕ್ ಮ್ಯಾನೇಜರನ್ನು ಮೂಲೆಯಲ್ಲಿ ತೆರೆದೇ ಇಟ್ಟುಕೊಂಡೆ. ಹ್ಯಾಂಗ್ ಆದ ಮೇಲೆ ತೆರೆಯಲು ಹೋದರೆ ಅದು ತೆರೆಯುವುದೇ ಇಲ್ಲ, ಅಲ್ವಾ? ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ಆರಿಸಿಟ್ಟೆ. ಹ್ಯಾಂಗ್ ಆದಾಗ ಆಕ್ಟಿವ್ ಟೈಮ್ (ಡಿಸ್ಕ್ ಕೆಲಸದಲ್ಲಿರುವ ಸಮಯ) 100% ತೋರಿಸುತ್ತಿತ್ತು. ಆದರೆ ಓದುವ ವೇಗ 0, ಬರೆಯುವ ವೇಗ 0. ಡಿಸ್ಕ್ ನಿಜವಾಗಿ ಬಿಡುವಿಲ್ಲದೆ ದುಡಿಯುತ್ತಿದ್ದರೆ ಅಲ್ಲಿ ಏನಾದರೂ ಅಂಕಿ ಓಡಾಡಬೇಕಿತ್ತು. ಇಲ್ಲಿ ಡಿಸ್ಕ್‌ನಿಂದ ಉತ್ತರವೇ ಬರುತ್ತಿರಲಿಲ್ಲ.

ವಿಂಡೋಸ್ ತನ್ನ ದೋಷಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನ ಸಿಸ್ಟಮ್ ಪಟ್ಟಿಯಲ್ಲೂ ಅದೇ ಸಮಯಕ್ಕೆ ಎಚ್ಚರಿಕೆಗಳು ಬಿದ್ದಿದ್ದವು. ಒಂದರ ಸಂಖ್ಯೆ 129, ಡಿಸ್ಕ್‌ಗೆ ಕಳಿಸಿದ ಕೋರಿಕೆಗೆ ಹೊತ್ತಿಗೆ ಉತ್ತರ ಬರದೆ ರೀಸೆಟ್ ಮಾಡಲಾಗಿದೆ ಎಂದು. ಇನ್ನೊಂದು 153, ಓದುವ ಬರೆಯುವ ಕೆಲಸವನ್ನು ಮತ್ತೆ ಪ್ರಯತ್ನಿಸಲಾಗಿದೆ ಎಂದು. ಕರ್ನಲ್ ಪವರ್ 41 ಎಂಬ ಕೆಂಪು ಗುರುತೂ ಬೇಕಾದಷ್ಟಿತ್ತು. ಅದನ್ನು ನೋಡಿ ಗಾಬರಿಯಾಗಬೇಡಿ. ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಆರಿದೆ ಎಂದಷ್ಟೇ ಅದರ ಅರ್ಥ. ನಾವೇ ಬಟನ್ ಒತ್ತಿ ಆರಿಸಿದರೂ ಅದು ಬರುತ್ತದೆ.

ಇಷ್ಟಾದ ಮೇಲೆ ಡಿಸ್ಕ್ ಸತ್ತಿದೆ ಎಂದೇ ಯಾರಾದರೂ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದೆ. ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, ಇದು ಅದನ್ನು ತೋರಿಸುತ್ತದೆ. ನಾಲ್ಕು ಸಾಲು ನೋಡಿದರೆ ಸಾಕು. 05, ಸಿ5, ಸಿ6 ಈ ಮೂರು ಡಿಸ್ಕ್‌ನ ಒಳಗೆ ಹಾಳಾದ ಜಾಗಗಳ ಲೆಕ್ಕ. ಇವು ಏರುತ್ತಾ ಹೋದರೆ ಕಾಪಿ ಮಾಡಿಕೊಂಡು ಡಿಸ್ಕ್ ಬದಲಿಸಬೇಕು. ನನ್ನದರಲ್ಲಿ ಮೂರೂ ಸೊನ್ನೆ. ನಾಲ್ಕನೆಯದು ಸಿ7. ಡಿಸ್ಕ್ ಮತ್ತು ಮದರ್‌ಬೋರ್ಡ್ ನಡುವೆ ಸಾಗುವಾಗ ಕೆಟ್ಟ ಮಾಹಿತಿಯ ಲೆಕ್ಕ ಅದು. ಅಲ್ಲಿ 412 ಇತ್ತು. ಸುಮ್ನೆ ನೋಡಿದರೆ ಆ ಅಂಕಿ ಹೆಕ್ಸ್‌ನಲ್ಲಿ (ಹದಿನಾರರ ಲೆಕ್ಕದಲ್ಲಿ) ಕಾಣುತ್ತದೆ. ಫಂಕ್ಷನ್ ಮೆನುವಿನ ಅಡ್ವಾನ್ಸ್‌ಡ್ ಫೀಚರ್ ಒಳಗೆ ರಾ ವ್ಯಾಲ್ಯೂಸ್ ಎಂಬಲ್ಲಿ ಬದಲಿಸಿಕೊಂಡರೆ ನಮ್ಮ ಮಾಮೂಲಿ ಸಂಖ್ಯೆಯಲ್ಲಿ ಬರುತ್ತದೆ.

412ನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮರುದಿನ ಒಂದು ಹ್ಯಾಂಗ್ ಆದ ಮೇಲೆ 419. ಅದರ ಮರುದಿನ ಎರಡು ಸಲ ನಿಂತಿತು, 431. ಹ್ಯಾಂಗ್ ಆದಾಗಲೆಲ್ಲ ಅಂಕಿ ಏರುತ್ತಿತ್ತು. ಡಿಸ್ಕ್ ಮತ್ತು ಮದರ್‌ಬೋರ್ಡ್ ನಡುವೆ ಇರುವುದು ಒಂದು ಕೇಬಲ್.

ಮತ್ತೆ ಡಬ್ಬ ತೆಗೆದೆ. ಈ ಸಲ ಎಲ್ಲಿ ನೋಡಬೇಕೆಂದು ಗೊತ್ತಿತ್ತು. ಸಾಟಾ ಎಂದು ಕರೆಯುವ ಆ ಚಪ್ಪಟೆ ಕೆಂಪು ಕೇಬಲ್ ಡಿಸ್ಕ್‌ನ ಹಿಂಭಾಗದಿಂದ ಹೊರಟು, ಪಕ್ಕದ ಮುಚ್ಚಳಕ್ಕೆ ಒತ್ತಿಕೊಂಡು ಚೂಪಾಗಿ ಮಡಿಚಿಕೊಂಡಿತ್ತು. ತುದಿಯಲ್ಲಿ ಹಿಡಿದುಕೊಳ್ಳುವ ಲೋಹದ ಕ್ಲಿಪ್ ಇರಲಿಲ್ಲ. ಬೆರಳು ತಾಗಿಸಿದರೆ ಅಲುಗಾಡಿತು. ನಾನು ಧೂಳು ಒರೆಸುವಾಗ, ರ‍್ಯಾಮ್ ತೆಗೆಯುವಾಗ, ಅಂಗಡಿಯವರು ಪರೀಕ್ಷಿಸುವಾಗ, ಪ್ರತಿಸಲವೂ ಅದು ಸ್ವಲ್ಪ ಸರಿದು ಕೂರುತ್ತಿತ್ತು. ಮುಚ್ಚಳ ಹಾಕಿದ ಮೇಲೆ ಒತ್ತಡಕ್ಕೆ ನಿಧಾನವಾಗಿ ಮತ್ತೆ ಸಡಿಲವಾಗುತ್ತಿತ್ತು.

ಕ್ಲಿಪ್ ಇರುವ, ಇನ್ನೂ ಸ್ವಲ್ಪ ಉದ್ದದ ಕೇಬಲ್ ತಂದೆ. 120 ರೂಪಾಯಿ. ಎರಡೂ ತುದಿ ಟಕ್ ಎನ್ನುವವರೆಗೆ ಒತ್ತಿ, ಚೂಪಾಗಿ ಮಡಿಚದೆ ಸಡಿಲವಾಗಿ ಬಳಸಿ ತಂದು, ಮುಚ್ಚಳಕ್ಕೆ ತಾಗದಂತೆ ಕಟ್ಟಿದೆ. ಬೇರೆ ಏನನ್ನೂ ಮುಟ್ಟಲಿಲ್ಲ. ಸರಿಯಾದರೆ ಇದರಿಂದಲೇ ಸರಿಯಾಯಿತು ಎಂದು ಗೊತ್ತಾಗಬೇಕಿತ್ತು.

ಸಿ7ರ ಅಂಕಿ ಕೇಬಲ್ ಬದಲಿಸಿದರೂ ಸೊನ್ನೆಗೆ ಇಳಿಯುವುದಿಲ್ಲ. ಹಳೆಯ ಲೆಕ್ಕ ಹಾಗೇ ಉಳಿಯುತ್ತದೆ. ಏರುತ್ತಿದೆಯಾ ಇಲ್ಲವಾ ಎಂದಷ್ಟೇ ನೋಡಬೇಕು. ಮೊದಲ ವಾರ ದಿನವೂ ನೋಡಿದೆ, ಆಮೇಲೆ ಭಾನುವಾರಕ್ಕೊಮ್ಮೆ. ಆ ಸೀಸನ್ನಿನ ಲಗ್ನಪತ್ರಿಕೆಗಳೆಲ್ಲ ಇದೇ ಕಂಪ್ಯೂಟರಿನಲ್ಲಿ ಮುಗಿದವು. ನೋಟ್‌ಬುಕ್ಕಿನಲ್ಲಿ ಈಗ ಒಂದೂವರೆ ಪುಟ ಬರೀ ತಾರೀಖುಗಳಿವೆ, ಪ್ರತಿ ತಾರೀಖಿನ ಮುಂದೆಯೂ 431.