ಲಗ್ನಪತ್ರಿಕೆ ಹಿಂದೆ ಬರೆದ ವಿಜ್ಞಾನ: ನನ್ನ ಟ್ಯೂಷನ್ ಅನುಭವ

ಹತ್ತನೇ ಕ್ಲಾಸಿನ ಮಕ್ಕಳಿಗೆ ಇನ್ನು ಓದಿಸಲ್ಲ, ಪುಸ್ತಕ ಮುಚ್ಚಿಸಿ ಬರೆಸುತ್ತೇನೆ ಅಂದಾಗ ಪೋಷಕರೊಬ್ಬರು ಮುಖಕ್ಕೇ ಕೇಳಿದರು, "ಪಾಠ ಮಾಡೋಕೆ ತಾನೇ ಮೇಷ್ಟ್ರೇ ನಿಮಗೆ ದುಡ್ಡು ಕೊಡೋದು?" ಎರಡೇ ತಿಂಗಳಲ್ಲಿ ಆರು ಮಕ್ಕಳು ಬಿಟ್ಟರು. ತಲೆಗೆ 500 ರೂಪಾಯಿ, ಲೆಕ್ಕ ನೀವೇ ಹಾಕಿ.

ತಪ್ಪು ನನ್ನದೂ ಇತ್ತು. ಅರ್ಧ ಮಕ್ಕಳಿಗೆ ಮತ್ತೆ ಮತ್ತೆ ಓದಿಸಿ, ಇನ್ನರ್ಧಕ್ಕೆ ನೆನಪಿಂದ ಬರೆಸಿ, ಅವತ್ತೇ ಸಂಜೆ ಟೆಸ್ಟ್ ಕೊಟ್ಟೆ. ಓದಿದವರೇ ಗೆದ್ದರು! ಮಾನ ಹೋಯಿತು. ಆಮೇಲೆ ತಿಳಿಯಿತು, 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನೋ ಮನಃಶಾಸ್ತ್ರಜ್ಞರು ಕಾಲೇಜು ಹುಡುಗರ ಮೇಲೆ ಮಾಡಿದ ಪ್ರಯೋಗದಲ್ಲೂ ಐದು ನಿಮಿಷಕ್ಕೆ ಹೀಗೇ ಆಗಿತ್ತು, ವಾರ ಕಳೆದ ಮೇಲೆ ಉಲ್ಟಾ ಆಗಿತ್ತು ಅಂತ. ನಾನೂ ಎಂಟು ದಿನ ಬಿಟ್ಟು, ಯಾರಿಗೂ ಹೇಳದೆ ಅದೇ ಪ್ರಶ್ನೆ ಕೊಟ್ಟೆ. ಓದಿದವರಿಗೆ 25ಕ್ಕೆ ಹತ್ತು ಹನ್ನೊಂದು, ಬರೆದವರಿಗೆ ಹದಿನೈದು ಹದಿನಾರು.

ದುಡ್ಡು ಹೋಗಿದ್ದು ನೆನಪಿಂದ ಉತ್ತರ ಬರೆಸೋ ಪ್ರಶ್ನೆ ಕಾರ್ಡಿನಲ್ಲಿ. ಪ್ರೆಸ್ಸಿನಲ್ಲಿ ಚೆಂದಕ್ಕೆ ಮಾಡಿಸಿ ಸುಮಾರು 2,200 ಕಳೆದೆ. ಹಿಂದೆ ಉತ್ತರ ಇತ್ತಲ್ಲ, ಮಕ್ಕಳು ತಿರುಗಿಸಿ ನೋಡಿ "ಗೊತ್ತು ಸಾರ್" ಅಂತಿದ್ದರು. ಈಗ ಹಳೇ ಲಗ್ನಪತ್ರಿಕೆ ಕತ್ತರಿಸಿ ಖಾಲಿ ಬದಿಯಲ್ಲಿ ಪ್ರಶ್ನೆ ಮಾತ್ರ, ಅದೂ ಅವರ ಕೈಯಿಂದಲೇ. ಮೂರು ಚಪ್ಪಲಿ ಡಬ್ಬ: ದಿನಾ ಕೇಳೋದು, ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ. ಇದಕ್ಕೆ ಲೈಟ್ನರ್ ಡಬ್ಬ ಅಂತಾರೆ: ಉತ್ತರ ಸರಿ ಬಂದ ಕಾರ್ಡ್ ಮುಂದಿನ ಡಬ್ಬಕ್ಕೆ, ತಪ್ಪಿದ್ದು ಮತ್ತೆ ಮೊದಲ ಡಬ್ಬಕ್ಕೆ. ಒಬ್ಬ ಹುಡುಗನ 'ಚಲುವೆ ಪುಡಿ', ಅಂದರೆ ಬ್ಲೀಚಿಂಗ್ ಪೌಡರಿನ ರಾಸಾಯನಿಕ ಹೆಸರು ಕೇಳೋ ಕಾರ್ಡ್ ಮೂರು ವಾರ ಮೊದಲ ಡಬ್ಬ ಬಿಟ್ಟು ಕದಲಲಿಲ್ಲ. ಕೊನೆಗೆ ಪೆನ್ನು ಕಚ್ಚಿ ಕಚ್ಚಿ 'ಕ್ಯಾಲ್ಸಿಯಂ ಆಕ್ಸಿಕ್ಲೋರೈಡ್' ಅಂತ ಬರೆದವನು ಕಾರ್ಡ್ ಎತ್ತಿ ಎಲ್ಲರಿಗೂ ತೋರಿಸಿದ. ನಮಗೆ ಕಂಡಿದ್ದು ಯಾರದೋ ಆರತಕ್ಷತೆ, ಸಂಜೆ 7ಕ್ಕೆ.

ಮಧ್ಯೆ ಇನ್ನೊಂದು ಹುಚ್ಚು ಹತ್ತಿತು. ದರ್ಪಣದ ಲೆಕ್ಕ, ಮಸೂರದ ಲೆಕ್ಕ ಬೇರೆ ಬೇರೆ ದಿನ ಕೊಡದೆ ಒಂದೇ ಹಾಳೆಯಲ್ಲಿ ಕಲಸಿದೆ. ಒಂದರ ಸೂತ್ರದಲ್ಲಿ ಕೂಡೋದು, ಇನ್ನೊಂದರಲ್ಲಿ ಕಳೆಯೋದು, ಗೊಂದಲ ಆಗೋದು ಅಲ್ಲೇ ಅಲ್ವಾ. ಮೊದಲ ವಾರ ಹತ್ತಕ್ಕೆ ನಾಲ್ಕೂ ಸರಿ ಬರಲಿಲ್ಲ. ಪ್ರಿಪರೇಟರಿ ಪರೀಕ್ಷೆ ಹೊತ್ತಿಗೆ ಹದಿನಾಲ್ಕು ಮಕ್ಕಳಲ್ಲಿ ಇಬ್ಬರು ಮಾತ್ರ ಎಡವಿದರು. ಹೃದಯದ ಚಿತ್ರಕ್ಕೆ ಮಾತ್ರ ಕಾರ್ಡ್ ಸುತಾರಾಂ ಆಗಿಬರಲಿಲ್ಲ, ಅದನ್ನು ಬೋರ್ಡಿನಲ್ಲೇ ಬರೆಸುತ್ತೇನೆ.

ಹೋದ ವರ್ಷ ಒಂಬತ್ತು ಮಕ್ಕಳು ವಿಜ್ಞಾನದಲ್ಲಿ 80ಕ್ಕೆ 65 ದಾಟಿದರು. ದಿನಾ ಯಾವ ಕಾರ್ಡಿನಿಂದ ಶುರು ಮಾಡಿಸುತ್ತೇನೆ ಅನ್ನೋದನ್ನು ಮಾತ್ರ ಕೇಳಬೇಡಿ, ಪಕ್ಕದ ಬೀದಿಯಲ್ಲೂ ಟ್ಯೂಷನ್ ಇದೆ. ಕಾರ್ಡಿಗೆ ನುಣುಪು ಕಾಗದದ ಲಗ್ನಪತ್ರಿಕೆ ಬೇಡ, ಇಂಕು ಒರೆಸಿಹೋಗುತ್ತದೆ. ಈಗ ಮನೆಗೆ ಯಾರಾದರೂ ಮದುವೆಗೆ ಕರೆಯಲು ಬಂದರೆ ನಮ್ಮನೆಯವಳು ಮುಹೂರ್ತಕ್ಕಿಂತ ಮೊದಲು ಹಿಂದೆ ಖಾಲಿ ಇದೆಯಾ ಅಂತ ತಿರುಗಿಸಿ ನೋಡುತ್ತಾಳೆ.